ಕಮೈಲಿಯೋ ಸರ್ವರ್‌ನಲ್ಲಿ ಕಾಲ್ ತನ್ನಷ್ಟಕ್ಕೇ ಸುತ್ತು ಹೊಡೆಯುತ್ತಿದೆ, 483 ಬರ್ತಿದೆ. ಎಲ್ಲಿಂದ ಹುಡುಕಲಿ?

ಕಣದ ರೈಟರ್

ಎಲ್ಲರಿಗೂ ನಮಸ್ಕಾರ. ಸುಂಟಿಕೊಪ್ಪದ ಹತ್ತಿರ ಕಾಫಿ ತೋಟ, ಜೊತೆಗೆ ಹೋಂಸ್ಟೇ. ಲೆಕ್ಕ ಬರೆಯುವುದರ ಜೊತೆ ಫೋನ್ ವ್ಯವಸ್ಥೆಯೂ ನನ್ನ ತಲೆಗೇ ಬಿದ್ದಿದೆ. ಬಂಗಲೆ, ಆಫೀಸು, ಪಲ್ಪಿಂಗ್ ಯೂನಿಟ್, ಗೋಡೌನ್, ಲೈನ್ ಮನೆ, ಹೋಂಸ್ಟೇ ರಿಸೆಪ್ಷನ್, ಎಲ್ಲ ಕಡೆ ಐಪಿ ಫೋನ್ ಇದೆ. ಮೂರಂಕಿ ಎಕ್ಸ್‌ಟೆನ್ಷನ್. ಆಫೀಸಿನ ಒಂದೇ ಪೆಟ್ಟಿಗೆಯಲ್ಲಿ ಎರಡು ವರ್ಚುವಲ್ ಮೆಷಿನ್: 192.168.10.5ರಲ್ಲಿ ಕಮೈಲಿಯೋ (ಕಾಲ್‌ಗೆ ದಾರಿ ತೋರಿಸುವ ಸಿಪ್ ಪ್ರಾಕ್ಸಿ; ಸಿಪ್ ಅಂದರೆ ನೆಟ್ ಮೇಲೆ ಕಾಲ್ ಜೋಡಿಸುವ ಪದ್ಧತಿ), 192.168.10.6ರಲ್ಲಿ ಆಸ್ಟೆರಿಸ್ಕ್ (ವಾಯ್ಸ್‌ಮೇಲ್ ಇತ್ಯಾದಿ ನೋಡಿಕೊಳ್ಳುವ ಫೋನ್ ಎಕ್ಸ್‌ಚೇಂಜ್). ಹೊರಗಿನ ಕಾಲ್‌ಗೆ ಲೈಸೆನ್ಸ್ ಇರುವ ಕಂಪನಿಯ ಸಿಪ್ ಟ್ರಂಕ್, ಅಂದರೆ ನೆಟ್ ಮೂಲಕ ಬರುವ ಹೊರಲೈನ್.

ಮಳೆಗಾಲಕ್ಕೆ ಮೊದಲು ನೆಟ್ ಕನೆಕ್ಷನ್ ಬದಲಾಯಿತು. ಹೊಸ ರೂಟರ್, ಹೊಸ ಪಬ್ಲಿಕ್ ಐಪಿ. ಹಾಕಲು ಬಂದವರೇ ಫೋನ್‌ಗಳನ್ನೂ ಸರಿ ಮಾಡಿಕೊಟ್ಟು ಹೋದರು. ಆಮೇಲಿಂದ ಶುರುವಾದ ತೊಂದರೆ ಇವು.

ರಿಸೆಪ್ಷನ್ ಫೋನಿನ ಸ್ಪೀಡ್ ಡಯಲ್ ಬಟನ್ ಒತ್ತಿದರೆ ಸ್ವಲ್ಪ ಹೊತ್ತು ಮೌನ, ಆಮೇಲೆ ಬ್ಯುಸಿ ಟೋನ್. ಸ್ಕ್ರೀನ್ ಮೇಲೆ ‘ಟೂ ಮೆನಿ ಹಾಪ್ಸ್’ (ಕಾಲ್ ತೀರಾ ಹೆಚ್ಚು ಸಲ ದಾಟಿಸಲ್ಪಟ್ಟಿದೆ ಅಂತ, 483 ಅಂದರೆ ಇದೇ). ಅದೇ ಫೋನಿನಿಂದ 204 ಅಂತ ಕೈಯಲ್ಲಿ ಒತ್ತಿದರೆ ಹೋಗುತ್ತೆ! ಹೊರಗಿನ ಕಾಲ್‌ಗಳು ಅರ್ಧ ನಿಮಿಷಕ್ಕೆ ಕಟ್ ಆಗುತ್ತವೆ. ಇನ್ನೊಂದು, ಕೆಲವು ಸಲ ಆಸ್ಟೆರಿಸ್ಕ್‌ನಲ್ಲಿ ನೂರಾರು ಚಾನಲ್ ಒಟ್ಟಿಗೆ ಕಾಣಿಸಿ ಮೆಷಿನ್ ಬಿಸಿಯಾಗಿ ಕೂತುಬಿಡುತ್ತೆ.

ಲೂಪ್ ಅಂತ ಅನುಮಾನ. ಆದರೆ ಟಿಸಿಪಿಡಂಪ್ (ಪ್ಯಾಕೆಟ್ ಹಿಡಿದು ತೋರಿಸುವ ಟೂಲ್) ಹಾಕಿ ನೋಡಿದರೆ ಫೋನಿನಿಂದ ಒಂದೇ ಇನ್ವೈಟ್ (ಕಾಲ್ ಶುರು ಮಾಡುವ ಮೆಸೇಜ್), ಸರ್ವರ್‌ನಿಂದ ಒಂದೇ 483. ಸುತ್ತುವುದು ಎಲ್ಲೂ ಕಾಣಲ್ಲ. ಎಲ್ಲಿಂದ ಹಿಡಿಯಲಿ?

ಹಾರಂಗಿ_07

ಅಣ್ಣಾ, ಇಷ್ಟೆಲ್ಲ ರಗಳೆ ಯಾಕೆ? ಒಂದು ಕ್ಲೌಡ್ ಪಿಬಿಎಕ್ಸ್ (ಕಂಪನಿಯವರ ಸರ್ವರ್‌ನಲ್ಲೇ ಇರುವ ಎಕ್ಸ್‌ಚೇಂಜ್) ತಗೊಳ್ಳಿ, ತಿಂಗಳಿಗೆ ಇಷ್ಟು ಅಂತ ಕೊಟ್ಟು ಸುಮ್ನೆ ಇರಿ. ನಮ್ಮ ಹೋಂಸ್ಟೇಯಲ್ಲಿ ಅದೇ ಮಾಡಿದ್ದು.

ಕಣದ ರೈಟರ್

ಅದನ್ನೂ ಯೋಚಿಸಿದ್ದೆ. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಮರ ಬಿದ್ದು ಫೈಬರ್ ಕಟ್ ಆಗೋದು, ಕರೆಂಟ್ ಹೋಗೋದು ನಿಮಗೂ ಗೊತ್ತಲ್ವಾ. ಮೊಬೈಲಿಗೆ ತೋಟದ ಒಳಗೆ ರೇಂಜೂ ಇಲ್ಲ. ಹೊರಗಿನ ನೆಟ್ ಸತ್ತರೂ ಬಂಗಲೆಯಿಂದ ಲೈನ್ ಮನೆಗೆ ಫೋನ್ ಹೋಗಬೇಕು. ನಮ್ಮದೇ ಕೇಬಲ್, ನಮ್ಮದೇ ಯುಪಿಎಸ್. ಸರ್ವರ್ ಇಲ್ಲೇ ಇದ್ದರೆ ಮಾತ್ರ ಅದು ಸಾಧ್ಯ.

ಟ್ರಂಕ್ ಕಾಲ್

ರೈಟರ್ ಹೇಳುವುದು ಸರಿ. ಒಳಗಿನ ಕಾಲ್ ಬೆಂಗಳೂರಿಗೋ ಮುಂಬೈಗೋ ಹೋಗಿ ವಾಪಸ್ ಬರಬೇಕಾಗಿಲ್ಲ.

ಒಂದು ಪ್ರಶ್ನೆ. ಸ್ಪೀಡ್ ಡಯಲ್ ಬಟನ್‌ನಲ್ಲಿ ಬರೀ 204 ಇದೆಯಾ, ಅಥವಾ @ ಹಾಕಿ ಮುಂದೆ ಏನಾದರೂ ಇದೆಯಾ? ಫೋನಿನ ವೆಬ್ ಪೇಜಿಗೆ ಹೋಗಿ ನೋಡಿ ಹೇಳಿ.

ಬ್ರಹ್ಮಗಿರಿ

ಇಲ್ಲಿ ಮೂರು ಬೇರೆ ಬೇರೆ ಲೂಪ್ ಇರಬಹುದು ಅಂತ ನನಗೆ ಅನಿಸುತ್ತೆ. ಒಂದೇ ಅಂತ ತಿಳಿದುಕೊಂಡು ಹುಡುಕಿದರೆ ತಲೆ ಕೆಡುತ್ತೆ. ಮೊದಲು 483 ಮುಗಿಸೋಣ.

ಟಿಸಿಪಿಡಂಪ್‌ನಲ್ಲಿ ಲೂಪ್ ಕಾಣದೇ ಇರಲು ಸರಳ ಕಾರಣ ಇದೆ. ನೀವು ನೋಡಿದ್ದು ಈಥ್0 ಮೇಲೆ, ಅಲ್ವಾ? ಲಿನಕ್ಸ್ ಮೆಷಿನ್ ತನ್ನದೇ ಐಪಿಗೆ ಪ್ಯಾಕೆಟ್ ಕಳಿಸಿದರೆ ಅದು ನೆಟ್‌ವರ್ಕ್ ಕಾರ್ಡಿನ ತನಕ ಹೋಗುವುದೇ ಇಲ್ಲ. ಕರ್ನಲ್ ಒಳಗೇ ‘ಲೋ’ ಅನ್ನುವ ಲೂಪ್‌ಬ್ಯಾಕ್ ಇಂಟರ್‌ಫೇಸ್ ಮೇಲೆ ತಿರುಗಿ ಬರುತ್ತೆ. ವಿಳಾಸ 192.168.10.5 ಅಂತಲೇ ಇದ್ದರೂ ಅಷ್ಟೇ. ಇಂಟರ್‌ಫೇಸ್ ಜಾಗದಲ್ಲಿ ‘ಎನಿ’ ಅಂತ ಕೊಡಿ. ಎಸ್‌ಎನ್‌ಗ್ರೆಪ್ (ಸಿಪ್ ಮೆಸೇಜ್ ತೋರಿಸುವ ಟೂಲ್) ಇದ್ದರೆ ಇನ್ನೂ ಒಳ್ಳೆಯದು, ಕಾಲ್ ಪೂರ್ತಿ ಏಣಿ ಥರ ಕಾಣುತ್ತೆ. ಸುತ್ತುತ್ತಿರುವ ಒಂದು ಇನ್ವೈಟ್ ತೆರೆದು ಅದರ ಹೆಡರ್‌ಗಳನ್ನು ಇಲ್ಲಿ ಹಾಕಿ.

ಕಣದ ರೈಟರ್

‘ಎನಿ’ ಹಾಕಿದ ತಕ್ಷಣ ಪರದೆ ತುಂಬಿಹೋಯಿತು! 192.168.10.5ರಿಂದ 192.168.10.5ಗೆ ಸಾಲು ಸಾಲು ಇನ್ವೈಟ್. ನಡುವಿನ ಒಂದು ಹೀಗಿದೆ, ಬೇಡದ್ದು ಬಿಟ್ಟಿದ್ದೇನೆ:

ಇನ್ವೈಟ್ ಸಿಪ್:204@ಫೋನ್.ತೋಟ.ಲ್ಯಾನ್
ವಯಾ: 192.168.10.5
ವಯಾ: 192.168.10.5
ವಯಾ: 192.168.10.5
ವಯಾ: 192.168.10.41
ಮ್ಯಾಕ್ಸ್-ಫಾರ್ವರ್ಡ್ಸ್: 67
ಪಿ-ಹಿಂಟ್: ಔಟ್‌ಬೌಂಡ್
ಪಿ-ಹಿಂಟ್: ಔಟ್‌ಬೌಂಡ್
ಪಿ-ಹಿಂಟ್: ಔಟ್‌ಬೌಂಡ್

41 ಅಂದರೆ ರಿಸೆಪ್ಷನ್ ಫೋನ್. ಟ್ರಂಕ್ ಕಾಲ್ ಸರ್ ಕೇಳಿದ್ದು ಸರಿ, ಸ್ಪೀಡ್ ಡಯಲ್‌ನಲ್ಲಿ ಹೆಸರಿನ ಸಮೇತ ಪೂರ್ತಿ ವಿಳಾಸ ಇದೆ. ಫೋನ್.ತೋಟ.ಲ್ಯಾನ್ ಅನ್ನುವ ಹೆಸರು ಹೊಸ ರೂಟರ್‌ನಲ್ಲಿ ಹಾಕಿರುವುದು. ಅದು 192.168.10.5 ಅಂತಲೇ ತೋರಿಸುತ್ತೆ. ಹಾಗಿದ್ದ ಮೇಲೆ ತಪ್ಪೇನು?

ಬ್ರಹ್ಮಗಿರಿ

ತಪ್ಪು ರೂಟರ್‌ನಲ್ಲಿಲ್ಲ. ಆ ಹೆಸರು ತನ್ನದೇ ಅಂತ ಕಮೈಲಿಯೋಗೆ ಯಾರೂ ಹೇಳಿಲ್ಲ. ಮನೆಯಲ್ಲಿ ಕರೆಯುವ ಹೆಸರು ಮಾತ್ರ ಗೊತ್ತಿರುವ ಮಗು ಶಾಲೆಯಲ್ಲಿ ಹಾಜರಿ ಕರೆದಾಗ ಕೈ ಎತ್ತಲ್ಲವಲ್ಲ, ಅದೇ ಕಥೆ.

ನೀವು ಹಾಕಿದ ತುಣುಕಿನಲ್ಲೇ ಎಲ್ಲ ಇದೆ. ಕೆಳಗಿನಿಂದ ಮೇಲಕ್ಕೆ ಓದಿ. ಪ್ರತಿ ಪ್ರಾಕ್ಸಿ ರಿಕ್ವೆಸ್ಟನ್ನು ಮುಂದೆ ಕಳಿಸುವಾಗ ತನ್ನ ವಿಳಾಸವಿರುವ ವಯಾ ಸಾಲು ಒಂದನ್ನು ಮೇಲೆ ಅಂಟಿಸುತ್ತೆ, ಮ್ಯಾಕ್ಸ್-ಫಾರ್ವರ್ಡ್ಸ್‌ನಿಂದ ಒಂದು ಕಳೆಯುತ್ತೆ. ಫೋನ್ ಕಳಿಸಿದಾಗ ಅದು 70 ಇತ್ತು. ಈಗ 67. ಸರ್ವರ್‌ನ ವಯಾ ಮೂರು. ಮೂರು ಸುತ್ತು ಆಗಿದೆ ಅಂತ ಲೆಕ್ಕ ತಾಳೆಯಾಗುತ್ತೆ. ಸೊನ್ನೆ ಮುಟ್ಟಿದಾಗ ಮುಂದೆ ಕಳಿಸದೆ 483 ವಾಪಸ್ ಕೊಡಬೇಕು, ಸಿಪ್‌ನ ನಿಯಮ ಬರೆದಿರುವ ಆರ್‌ಎಫ್‌ಸಿ 3261 ಹೇಳುವುದು ಅದನ್ನೇ. ನಿಮ್ಮ ಸರ್ವರ್ ಹಾಗೇ ಮಾಡುತ್ತಿದೆ.

ನನಗೆ ಜಾಸ್ತಿ ಇಷ್ಟವಾದ ಸಾಲು ಆ ಪಿ-ಹಿಂಟ್. ಕಮೈಲಿಯೋ ಜೊತೆ ಬರುವ ಮಾದರಿ ಕಾನ್ಫಿಗ್‌ನಲ್ಲಿ ಸಿಪ್‌ಔಟ್ ಅನ್ನುವ ರೂಟ್ ಇದೆ. ರಿಕ್ವೆಸ್ಟ್ ಯುಆರ್‌ಐ (ಇನ್ವೈಟ್‌ನ ಮೊದಲ ಸಾಲಿನ ವಿಳಾಸ) ನನ್ನದಾ ಅಂತ ಅದು ‘ಮೈಸೆಲ್ಫ್’ (ಸರ್ವರ್‌ನ ಸ್ವಂತ ವಿಳಾಸಗಳ ಪಟ್ಟಿ) ಜೊತೆ ಹೋಲಿಸಿ ನೋಡುತ್ತೆ. ನನ್ನದಲ್ಲ ಅಂದರೆ ‘ಪಿ-ಹಿಂಟ್: ಔಟ್‌ಬೌಂಡ್’ ಅಂತ ಬರೆದು ಹೊರಗೆ ತಳ್ಳುತ್ತೆ. ಅಂದರೆ ನಿಮ್ಮ ಸರ್ವರ್ ಪ್ರತಿ ಸುತ್ತಿನಲ್ಲೂ ‘ಇದು ಬೇರೆ ಊರಿನ ಕಾಲ್’ ಅಂತ ತೀರ್ಮಾನ ಮಾಡಿ, ಡಿಎನ್‌ಎಸ್ ಕೇಳಿ, ಸಿಕ್ಕ ಐಪಿಗೆ ಕಳಿಸಿದೆ. ಆ ಐಪಿ ತನ್ನದೇ. ಲೂಪ್ ಯಾವ ರೂಟ್ ಬ್ಲಾಕ್‌ನಿಂದ ಹೊರಟಿತು ಅಂತ ಗೊತ್ತಾಗಲು ಇದಕ್ಕಿಂತ ಸುಲಭದ ಗುರುತು ಇಲ್ಲ. ನೀವೇ ಕಾನ್ಫಿಗ್ ಬರೆಯುವಾಗಲೂ ಪ್ರತಿ ಹೊರದಾರಿಗೆ ಇಂಥ ಒಂದು ಹೆಡರ್ ಇಟ್ಟುಕೊಳ್ಳಿ.

204 ಅಂತ ಕೈಯಲ್ಲಿ ಒತ್ತಿದಾಗ ಫೋನ್ ತನ್ನ ಸರ್ವರ್ ಸೆಟ್ಟಿಂಗ್‌ನಲ್ಲಿರುವ ಐಪಿಯನ್ನು ಮುಂದೆ ಸೇರಿಸುತ್ತೆ. ಐಪಿ ‘ಮೈಸೆಲ್ಫ್’ ಪಟ್ಟಿಯಲ್ಲಿದೆ, ಅದಕ್ಕೇ ಹೋಗುತ್ತೆ.

ಪರಿಹಾರ ಒಂದು ಸಾಲು. ಕಾನ್ಫಿಗ್‌ನಲ್ಲಿ ‘ಅಲಿಯಾಸ್’ ಸಾಲಿಗೆ ಫೋನ್.ತೋಟ.ಲ್ಯಾನ್ ಸೇರಿಸಿ, ಕಮೈಲಿಯೋ ರೀಸ್ಟಾರ್ಟ್ ಮಾಡಿ. ಶುರುವಾಗುವಾಗ ಅದು ತನ್ನ ಅಲಿಯಾಸ್ ಪಟ್ಟಿಯನ್ನು ತಾನೇ ಮುದ್ರಿಸುತ್ತೆ, ಅಲ್ಲಿ ಹೆಸರು ಬಂತಾ ನೋಡಿ.

ಎರಡು ಪ್ರಶ್ನೆ. ಒಂದು, ಯಾರಾದರೂ ಮೊಬೈಲ್ ಆ್ಯಪ್‌ನಲ್ಲಿ ಆ ಹೊಸ ಹೆಸರು ಹಾಕಿ ರಿಜಿಸ್ಟರ್ ಮಾಡಲು ಹೋದರೆ 403 ‘ನಾಟ್ ರಿಲೇಯಿಂಗ್’ ಬರುತ್ತಾ? ಎರಡು, ತೋಟದ ಲ್ಯಾನ್ ಪೂರ್ತಿ, ಪಾಸ್‌ವರ್ಡ್ ಕೇಳದೆ ಒಳಗೆ ಬಿಡುವ ನಂಬಿಕೆಯ ಐಪಿ ಪಟ್ಟಿಯಲ್ಲಿದೆಯಾ?

ಕಣದ ರೈಟರ್

ಅಯ್ಯೋ, ಹೌದು! ಹೋಂಸ್ಟೇ ಹುಡುಗ ವೈಫೈ ಮೇಲೆ ಆ್ಯಪ್ ಹಾಕಲು ಹೋಗಿ 403 ಅಂತ ಹೇಳುತ್ತಿದ್ದ. ಪಾಸ್‌ವರ್ಡ್ ಸರಿ ಇಲ್ಲ ಅಂತ ಅವನಿಗೇ ಬೈದಿದ್ದರು ನಮ್ಮ ಮ್ಯಾನೇಜರ್. ಪಟ್ಟಿಯಲ್ಲಿ 192.168.10.0/24 (192.168.10 ಅಂತ ಶುರುವಾಗುವ ಎಲ್ಲ ಐಪಿ) ಪೂರ್ತಿ ಇದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಬ್ರಹ್ಮಗಿರಿ

ಸಂಬಂಧ ಇದೆ. ನಂಬಿಕೆಯ ಪಟ್ಟಿ ಇಲ್ಲದಿದ್ದರೆ ಎರಡನೇ ಸುತ್ತಿನಲ್ಲೇ ಕಾಲ್ ನಿಂತುಬಿಡುತ್ತಿತ್ತು. ಮಾದರಿ ಕಾನ್ಫಿಗ್ ಮೊದಲ ಸಲ ಪಾಸ್‌ವರ್ಡ್ ನೋಡಿ, ಆ ಹೆಡರನ್ನು ತೆಗೆದು ಮುಂದೆ ಕಳಿಸುತ್ತೆ. ತಿರುಗಿ ಬಂದ ಇನ್ವೈಟ್‌ನಲ್ಲಿ ಪಾಸ್‌ವರ್ಡ್ ಇರಲ್ಲ, ಹಾಗಾಗಿ 407 ಕಳಿಸಿ ಪಾಸ್‌ವರ್ಡ್ ಕೇಳುತ್ತೆ. ನಿಮ್ಮಲ್ಲಿ ಸರ್ವರ್‌ನ ಐಪಿಯೂ ಅದೇ /24 ಒಳಗಿದೆ. ತನ್ನಿಂದಲೇ ಬಂದದ್ದನ್ನು ತಾನೇ ನಂಬಿ ಒಳಗೆ ಬಿಟ್ಟುಕೊಂಡಿದೆ. ರಿಜಿಸ್ಟರ್‌ಗೆ ಆ ವಿನಾಯಿತಿ ಇಲ್ಲ, ಅದಕ್ಕೇ ಅಲ್ಲಿ 403.

ಇಡೀ ಲ್ಯಾನ್ ನಂಬುವುದು ಒಳ್ಳೆಯದಲ್ಲ. ಹೋಂಸ್ಟೇಗೆ ಬಂದ ಅತಿಥಿಯ ಲ್ಯಾಪ್‌ಟಾಪ್ ಕೂಡ ಅದೇ ಲ್ಯಾನ್‌ನಲ್ಲಿದ್ದರೆ ನಿಮ್ಮ ಟ್ರಂಕ್‌ನಿಂದ ಎಲ್ಲಿಗೆ ಬೇಕಾದರೂ ಫೋನ್ ಮಾಡಬಹುದು. ಬಿಲ್ ಬರುವುದು ನಿಮಗೆ. ಆಸ್ಟೆರಿಸ್ಕ್ ಮತ್ತು ಟ್ರಂಕ್ ಐಪಿ ಮಾತ್ರ ಇಡಿ, ಫೋನ್‌ಗಳಿಗೆ ಪಾಸ್‌ವರ್ಡ್ ಇರಲಿ. ಅತಿಥಿ ವೈಫೈ ಬೇರೆ ಮಾಡಿ.

ಇನ್ನೊಂದು ವಿಷಯ. ಕಾನ್ಫಿಗ್‌ನಲ್ಲಿ ‘ಯೂಸ್_ಡೊಮೇನ್’ ಸೊನ್ನೆ ಇದ್ದರೆ ಲೊಕೇಶನ್‌ನಲ್ಲಿ (ರಿಜಿಸ್ಟರ್ ಆದ ಫೋನ್‌ಗಳ ಪಟ್ಟಿ) ಹುಡುಕುವಾಗ 204 ಮಾತ್ರ ನೋಡುತ್ತೆ, @ ಮುಂದಿನದು ಲೆಕ್ಕಕ್ಕಿಲ್ಲ. 1 ಇದ್ದರೆ 204@ಐಪಿ ಬೇರೆ, 204@ಹೆಸರು ಬೇರೆ. ಆಗ ಅಲಿಯಾಸ್ ಸೇರಿಸಿದ ಮೇಲೆ ಲೂಪ್ ಹೋಗಿ 404 (ಅಂಥವರು ಇಲ್ಲ) ಬರಬಹುದು. ಗಾಬರಿ ಬೇಡ, ಎಲ್ಲ ಫೋನ್‌ಗಳನ್ನೂ ಒಂದೇ ಹೆಸರಿನಲ್ಲಿ ರಿಜಿಸ್ಟರ್ ಮಾಡಿದರೆ ಸರಿಹೋಗುತ್ತೆ.

ನಾಪೋಕ್ಲು ನೆಟ್

ನಾನು ಇಂಥ ಕಡೆಗಳಲ್ಲಿ ಮ್ಯಾಕ್ಸ್-ಫಾರ್ವರ್ಡ್ಸ್ ನೋಡುವ ಫಂಕ್ಷನ್‌ಗೆ 10 ಅಂತ ಕೊಟ್ಟುಬಿಡುತ್ತೇನೆ. 70 ಸುತ್ತು ಹೋಗುವ ಬದಲು 10ಕ್ಕೇ ನಿಲ್ಲುತ್ತೆ. ಸಣ್ಣ ಜಾಗಕ್ಕೆ ಅಷ್ಟು ಸಾಕು.

ಬ್ರಹ್ಮಗಿರಿ

ತುಂಬ ಜನ ಹಾಗೆ ತಿಳಿದುಕೊಂಡಿದ್ದಾರೆ, ಆದರೆ ಆ 10 ಮಾಡುವ ಕೆಲಸ ಬೇರೆ. ಬಂದ ರಿಕ್ವೆಸ್ಟ್‌ನಲ್ಲಿ ಮ್ಯಾಕ್ಸ್-ಫಾರ್ವರ್ಡ್ಸ್ ಹೆಡರ್ ಇಲ್ಲದಿದ್ದರೆ ಮಾತ್ರ 10 ಅಂತ ಹೊಸದಾಗಿ ಸೇರಿಸುತ್ತೆ. ಹೆಡರ್ ಇದ್ದರೆ ಅದರಿಂದ ಒಂದು ಕಳೆಯುತ್ತೆ ಅಷ್ಟೇ. ಮೇಲಿನ ತುಣುಕಿನಲ್ಲಿ 67 ಇರುವುದೇ ಸಾಕ್ಷಿ. ಮಿತಿ ಹಾಕಬೇಕು ಅಂದರೆ ಮ್ಯಾಕ್ಸ್‌ಎಫ್‌ಡಬ್ಲ್ಯೂಡಿ ಮಾಡ್ಯೂಲ್‌ನ ‘ಮ್ಯಾಕ್ಸ್_ಲಿಮಿಟ್’ ಪ್ಯಾರಾಮೀಟರ್ ಇಳಿಸಿ. ಅದನ್ನು ಇಳಿಸುವುದಕ್ಕೆ ನನ್ನ ವಿರೋಧ ಇಲ್ಲ. ಆದರೆ ಅದರಿಂದ ಲೂಪ್ ಬೇಗ ಸಾಯುತ್ತೆ, ಕಾಲ್ ಮಾತ್ರ ಆಗಲೂ ಸೇರಲ್ಲ.

ನಾಪೋಕ್ಲು ನೆಟ್

ಓ ಹಾಗಾ. ಸರಿ, ನೋಡುತ್ತೇನೆ. ಹಾಗಾದರೆ 482 ‘ಲೂಪ್ ಡಿಟೆಕ್ಟೆಡ್’ ಯಾಕೆ ಬರಲಿಲ್ಲ? ತನ್ನದೇ ವಯಾ ಒಳಗೆ ಕಾಣುತ್ತಲ್ಲ, ಮೊದಲ ಸುತ್ತಿಗೇ ಹಿಡಿಯಬಹುದಿತ್ತು.

ಟ್ರಂಕ್ ಕಾಲ್

ತನ್ನ ವಯಾ ಕಂಡ ಮಾತ್ರಕ್ಕೆ ಲೂಪ್ ಅಂತ ಹೇಳುವಂತಿಲ್ಲ. ಸಿಪ್‌ನಲ್ಲಿ ‘ಸ್ಪೈರಲ್’ ಅಂತ ಒಂದಿದೆ. 204ಕ್ಕೆ ಬಂದ ಕಾಲ್ ಫಾರ್ವರ್ಡ್ ಆಗಿ 210 ಅಂತ ಬದಲಾಗಿ ಅದೇ ಸರ್ವರ್‌ಗೆ ಮತ್ತೆ ಬರಬಹುದು. ರಿಕ್ವೆಸ್ಟ್ ಯುಆರ್‌ಐ ಬದಲಾಗಿದೆ, ಹಾಗಾಗಿ ಅದು ತಪ್ಪಲ್ಲ. ಏನೂ ಬದಲಾಗದೆ ಅದೇ ವಿಳಾಸದಲ್ಲಿ ಬಂದರೆ ಮಾತ್ರ ಲೂಪ್. ವ್ಯತ್ಯಾಸ ಹಿಡಿಯಲು ಪ್ರಾಕ್ಸಿ ತನ್ನ ವಯಾದ ಬ್ರ್ಯಾಂಚ್ ಒಳಗೆ ರಿಕ್ವೆಸ್ಟ್ ಯುಆರ್‌ಐ, ಕಾಲ್-ಐಡಿ ಮುಂತಾದವುಗಳ ಹ್ಯಾಶ್ ಸೇರಿಸಿ, ತಿರುಗಿ ಬಂದಾಗ ಹೋಲಿಸಬೇಕು. 2002ರ ಆರ್‌ಎಫ್‌ಸಿ 3261ರಲ್ಲಿ ಮ್ಯಾಕ್ಸ್-ಫಾರ್ವರ್ಡ್ಸ್ ಕಡ್ಡಾಯ, ಈ ಹೋಲಿಕೆ ಐಚ್ಛಿಕ. 2008ರ ಡಿಸೆಂಬರ್‌ನಲ್ಲಿ ಬಂದ ಆರ್‌ಎಫ್‌ಸಿ 5393 ಫೋರ್ಕ್ ಮಾಡುವ, ಅಂದರೆ ಒಂದು ಕಾಲನ್ನು ಹಲವು ಕಡೆಗೆ ಕಳಿಸುವ ಪ್ರಾಕ್ಸಿಗಳಿಗೆ ಅದನ್ನು ಕಡ್ಡಾಯ ಮಾಡಿತು.

ಅದರ ಹಿಂದಿನ ಲೆಕ್ಕ ನೋಡಿದರೆ ಬೆಚ್ಚಿಬೀಳುತ್ತೀರಿ. ಇಬ್ಬರು ಬಳಕೆದಾರರು. ಒಬ್ಬೊಬ್ಬರೂ ಎರಡು ಕಾಂಟ್ಯಾಕ್ಟ್ (ತಾವು ಸಿಗುವ ವಿಳಾಸ) ರಿಜಿಸ್ಟರ್ ಮಾಡಿದ್ದಾರೆ, ಅವು ಸುತ್ತಿ ಬಳಸಿ ಆ ಇಬ್ಬರನ್ನೇ ತೋರಿಸುತ್ತವೆ. ಒಂದು ಇನ್ವೈಟ್ ಎರಡಾಗುತ್ತೆ, ಎರಡು ನಾಲ್ಕಾಗುತ್ತೆ. ಮ್ಯಾಕ್ಸ್-ಫಾರ್ವರ್ಡ್ಸ್ 70 ಇದ್ದರೆ 2ರ ಘಾತ 70! ಯಾವ ಮೆಷಿನ್ ತಡೆಯುತ್ತೆ? ಅದೇ ಆರ್‌ಎಫ್‌ಸಿ ಒಟ್ಟಿಗೆ ಎಷ್ಟು ಕವಲು ಒಡೆಯಬಹುದು ಅಂತ ಮಿತಿ ಹಾಕಲು ಮ್ಯಾಕ್ಸ್-ಬ್ರೆಡ್ತ್ ಹೆಡರ್ ತಂದಿತು, ಸಲಹೆಯ ಮೌಲ್ಯ 60. ಸಣ್ಣ ಸರ್ವರ್ ಇಟ್ಟವರು ಮಾಡಬೇಕಾದ್ದು ಇಷ್ಟೇ: ಒಬ್ಬರಿಗೆ ಇಷ್ಟೇ ಕಾಂಟ್ಯಾಕ್ಟ್ ಅಂತ ರಿಜಿಸ್ಟ್ರಾರ್‌ನ ‘ಮ್ಯಾಕ್ಸ್_ಕಾಂಟ್ಯಾಕ್ಟ್ಸ್’ನಲ್ಲಿ ಹಾಕಿ. ಕಾಂಟ್ಯಾಕ್ಟ್‌ನಲ್ಲಿ ಸರ್ವರ್‌ನದೇ ವಿಳಾಸ ಕೊಟ್ಟು ಬರುವ ರಿಜಿಸ್ಟರ್‌ಗಳನ್ನು ತಿರಸ್ಕರಿಸಿ.

ಕಣದ ರೈಟರ್

ಅಲಿಯಾಸ್ ಸೇರಿಸಿದೆ. ಸ್ಪೀಡ್ ಡಯಲ್ ಸರಿಯಾಯಿತು, ಆ್ಯಪ್ ಕೂಡ ರಿಜಿಸ್ಟರ್ ಆಯಿತು. 483 ಮಾಯ. ತುಂಬಾ ಥ್ಯಾಂಕ್ಸ್. ಹುಡುಗನಿಗೆ ಮ್ಯಾನೇಜರ್ ಒಂದು ಕಾಫಿ ಕೊಡಿಸಬೇಕು ಈಗ.

ಹೊರಗಿನ ಕಾಲ್ ಕಟ್ ಆಗುವುದು ಮಾತ್ರ ಹಾಗೇ ಇದೆ. ಬರುವ ಕಾಲ್, ಹೋಗುವ ಕಾಲ್ ಎರಡೂ. ಮಾತು ಎರಡೂ ಕಡೆ ಚೆನ್ನಾಗಿ ಕೇಳುತ್ತೆ, ಅರ್ಧ ನಿಮಿಷಕ್ಕೆ ಟಕ್ ಅಂತ ಕಟ್. ಟ್ರಂಕ್ ಕಂಪನಿಗೆ ಕೇಳಿದರೆ ನಮ್ಮ ಕಡೆ ಎಲ್ಲ ಸರಿ ಇದೆ ಅಂತಾರೆ. ಲಾಗ್‌ನಲ್ಲಿ ಒಂದೂ ಎರರ್ ಇಲ್ಲ.

ಟ್ರಂಕ್ ಕಾಲ್

ಕೈಯಲ್ಲಿ ಗಡಿಯಾರ ಹಿಡಿದು ನೋಡಿ, ಸರಿಯಾಗಿ 32 ಸೆಕೆಂಡ್ ಇರುತ್ತೆ. ಸಿಪ್ ಕೆಲಸ ಮಾಡುವವರಿಗೆ ಈ 32 ಹಳೇ ನೆಂಟ.

ಕಾಲ್ ಎತ್ತಿದವರು 200 ಓಕೆ ಕಳಿಸುತ್ತಾರೆ. ಕರೆ ಮಾಡಿದವರು ಅದಕ್ಕೆ ಆ್ಯಕ್ (ಸಿಕ್ಕಿತು ಅನ್ನುವ ರಸೀದಿ) ಕಳಿಸಬೇಕು. ಆ್ಯಕ್ ಬರದಿದ್ದರೆ 200 ಓಕೆ ಮತ್ತೆ ಮತ್ತೆ ಹೋಗುತ್ತೆ: ಅರ್ಧ ಸೆಕೆಂಡ್ ಬಿಟ್ಟು, 1 ಸೆಕೆಂಡ್ ಬಿಟ್ಟು, 2, 4, ಆಮೇಲೆ ನಾಲ್ಕು ನಾಲ್ಕು ಸೆಕೆಂಡಿಗೆ. ಟಿ1 ಅನ್ನುವ ಟೈಮರ್ 500 ಮಿಲಿಸೆಕೆಂಡ್. ಅದರ 64 ಪಟ್ಟು 32 ಸೆಕೆಂಡ್. ಅಷ್ಟು ಹೊತ್ತು ಕಾದು, ಆಚೆ ಕಡೆ ಯಾರೂ ಇಲ್ಲ ಅಂತ ಬೈ ಕಳಿಸಿ ಕಟ್ ಮಾಡುತ್ತೆ. ಮಾತು ಸಾಗಿಸುವ ಆರ್‌ಟಿಪಿ ಪ್ಯಾಕೆಟ್‌ಗಳು ಬೇರೆ ದಾರಿಯಲ್ಲಿ ಹೋಗುವುದರಿಂದ ಅಲ್ಲಿಯವರೆಗೆ ಎಲ್ಲ ಸರಿ ಇದ್ದಂತೆ ಕಾಣುತ್ತೆ.

ನಿಮ್ಮ ಆ್ಯಕ್ ದಾರಿಯಲ್ಲಿ ಸುತ್ತುತ್ತಿದೆ ಅಂತ ನನ್ನ ಊಹೆ. ಎರರ್ ಕಾಣದಿರಲು ಕಾರಣ ಇದೆ. ಸಿಪ್‌ನಲ್ಲಿ ಆ್ಯಕ್‌ಗೆ ಉತ್ತರ ಕೊಡುವ ಪದ್ಧತಿಯೇ ಇಲ್ಲ. ಇನ್ವೈಟ್ ಸುತ್ತಿದರೆ ಕೊನೆಗೆ 483 ಬರುತ್ತೆ. ಆ್ಯಕ್ ಸುತ್ತಿದರೆ ಸದ್ದಿಲ್ಲದೆ ಸಾಯುತ್ತೆ.

ಟ್ರಂಕ್ ಕಾಲ್ ಒಂದರ ಆ್ಯಕ್ ಹಿಡಿದು ಅದರ ‘ರೂಟ್’ ಹೆಡರ್ ಹಾಕಿ. ಕಾನ್ಫಿಗ್‌ನಲ್ಲಿ ರೆಕಾರ್ಡ್-ರೂಟ್ (ಮುಂದಿನ ಮೆಸೇಜೂ ನನ್ನ ಮೂಲಕವೇ ಬರಲಿ ಅಂತ ಪ್ರಾಕ್ಸಿ ಬರೆಯುವ ಹೆಡರ್) ಹೇಗೆ ಹಾಕಿದ್ದಾರೆ ಅಂತಲೂ ನೋಡಿ.

ಕಣದ ರೈಟರ್

32 ಸೆಕೆಂಡೇ! ಪಬ್ಲಿಕ್ ಐಪಿ ಬದಲು 203.0.113.20 ಅಂತ ಬರೆದಿದ್ದೇನೆ.

ಆ್ಯಕ್‌ನ ರೂಟ್ ಹೆಡರ್‌ನಲ್ಲಿ 203.0.113.20 ಇದೆ. ಅದು ಸರ್ವರ್‌ನಿಂದ ರೂಟರ್‌ಗೆ ಹೋಗಿ, ರೂಟರ್‌ನಿಂದ ಮತ್ತೆ ಸರ್ವರ್‌ಗೆ ಬರುತ್ತಿದೆ. ಈ ಸಲ ಈಥ್0 ಮೇಲೆಯೇ ಕಾಣುತ್ತೆ. ಮ್ಯಾಕ್ಸ್-ಫಾರ್ವರ್ಡ್ಸ್ ಒಂದೊಂದೇ ಇಳಿಯುತ್ತೆ. ಕಾನ್ಫಿಗ್‌ನಲ್ಲಿ ಟ್ರಂಕ್ ಕಾಲ್‌ಗಳಿಗೆ ಮಾತ್ರ ‘ರೆಕಾರ್ಡ್_ರೂಟ್_ಪ್ರೀಸೆಟ್’ ಅಂತ ಹೊಸ ಐಪಿ ಹಾಕಿದ್ದಾರೆ. ಅಲಿಯಾಸ್ ಸಾಲಿನಲ್ಲಿ ಹಳೇ ಪಬ್ಲಿಕ್ ಐಪಿ ಇದೆ.

ಟ್ರಂಕ್ ಕಾಲ್

ಸಿಕ್ಕಿತು. ಪ್ರೀಸೆಟ್ ಅನ್ನುವುದು ನೀವು ಕೊಟ್ಟ ವಿಳಾಸವನ್ನು ಕಣ್ಣುಮುಚ್ಚಿ ಬರೆಯುತ್ತೆ. ಅದು ನಿಮ್ಮದೋ ಅಲ್ಲವೋ ಪರೀಕ್ಷೆ ಮಾಡಲ್ಲ. ಆ್ಯಕ್ ಬಂದಾಗ ‘ಲೂಸ್_ರೂಟ್’ ಮೇಲಿನ ರೂಟ್ ಹೆಡರ್ ನೋಡುತ್ತೆ. ಅದು ನನ್ನದು ಅಂದರೆ ಕಿತ್ತು ಹಾಕಿ ಮುಂದಿನದಕ್ಕೆ ಹೋಗಬೇಕು. ಅಲಿಯಾಸ್‌ನಲ್ಲಿ ಹೊಸ ಐಪಿ ಇಲ್ಲ. ಹಾಗಾಗಿ ನನ್ನದಲ್ಲ ಅಂತ ತಿಳಿದು, ಕೀಳದೆ, ಅದೇ ವಿಳಾಸಕ್ಕೆ ಕಳಿಸುತ್ತೆ. ನಿಮ್ಮ ರೂಟರ್ ಹೇರ್‌ಪಿನ್ ಮಾಡುವಂಥದ್ದು, ಒಳಗಿನಿಂದ ಪಬ್ಲಿಕ್ ಐಪಿಗೆ ಹೋದದ್ದನ್ನು ವಾಪಸ್ ಒಳಗೇ ತಿರುಗಿಸುತ್ತೆ. ಹೇರ್‌ಪಿನ್ ಇಲ್ಲದ ರೂಟರ್ ಆಗಿದ್ದರೆ ಆ್ಯಕ್ ಮೊದಲ ಸಲವೇ ಕಳೆದುಹೋಗುತ್ತಿತ್ತು. ಕಾಲ್ ಆಗಲೂ 32ಕ್ಕೇ ಕಟ್.

ಅಲಿಯಾಸ್‌ಗೆ ಹೊಸ ಐಪಿ ಹಾಕಿದರೆ ಇವತ್ತಿಗೆ ಕೆಲಸ ಆಗುತ್ತೆ. ಆದರೆ ನಾನಾದರೆ ಪ್ರೀಸೆಟ್ ತೆಗೆದು, ‘ಲಿಸನ್’ ಸಾಲಿನಲ್ಲೇ 192.168.10.5 ಮುಂದೆ ‘ಅಡ್ವರ್ಟೈಸ್’ ಅಂತ ಪಬ್ಲಿಕ್ ಐಪಿ ಕೊಡುತ್ತೇನೆ. ಹಾಗೆ ಕೊಟ್ಟ ವಿಳಾಸವನ್ನು ಕಮೈಲಿಯೋ ತಾನೇ ವಯಾ, ರೆಕಾರ್ಡ್-ರೂಟ್ ಎರಡರಲ್ಲೂ ಬಳಸುತ್ತೆ, ತನ್ನದು ಅಂತಲೂ ಗುರುತಿಸುತ್ತೆ. ಟ್ರಂಕ್‌ಗೆ ಬೇರೆ ಪೋರ್ಟ್‌ನಲ್ಲಿ ಇನ್ನೊಂದು ಲಿಸನ್ ಇಟ್ಟರೆ ಒಳಗಿನ ಫೋನ್‌ಗಳಿಗೆ ತೊಂದರೆ ಇಲ್ಲ. ಮುಂದೆ ನೆಟ್ ಬದಲಾದರೆ ತಿದ್ದಬೇಕಾದ್ದು ಒಂದೇ ಕಡೆ.

ಹಾರಂಗಿ_07

ಇದನ್ನೆಲ್ಲ ಓದುತ್ತಾ ಕೂತರೆ ಕ್ಲೌಡ್‌ನವರ ಮೇಲೆ ಗೌರವ ಬರುತ್ತೆ 😄

ಕಣದ ರೈಟರ್

ಲಿಸನ್ ಸಾಲು ಬದಲಿಸಿದೆ. ಮೈಸೂರಿನ ಒಬ್ಬರ ಜೊತೆ ಕಾಳುಮೆಣಸಿನ ರೇಟು ಮಾತಾಡಿ ಮುಗಿಸಿದ್ದಾಯಿತು, ಕಟ್ ಆಗಲಿಲ್ಲ.

ಉಳಿದದ್ದು ಆಸ್ಟೆರಿಸ್ಕ್. ಯಾವಾಗ ಆಗುತ್ತೆ ಅಂತ ಈಗ ಗೊತ್ತಾಯಿತು. ಆಫೀಸಿನ ಹಳಬರು ಕುಶಾಲನಗರದ ಕಾಫಿ ಕ್ಯೂರಿಂಗ್‌ಗೆ ಫೋನ್ ಮಾಡುವಾಗ ಲ್ಯಾಂಡ್‌ಲೈನ್ ಕಾಲದ ಅಭ್ಯಾಸದಲ್ಲಿ ಎಸ್‌ಟಿಡಿ ಕೋಡ್ 08276 ಬಿಟ್ಟು ಆರಂಕಿ ಮಾತ್ರ ಒತ್ತುತ್ತಾರೆ. ಒತ್ತಿದ ಕೂಡಲೇ ಚಾನಲ್‌ಗಳು ಹತ್ತು, ನೂರು, ಇನ್ನೂರು ಅಂತ ಏರುತ್ತವೆ. ರಿಸೀವರ್ ಇಟ್ಟರೆ ಎಲ್ಲ ಒಂದೊಂದಾಗಿ ಬಿಚ್ಚಿಕೊಂಡು ಹೋಗುತ್ತವೆ. ಇಲ್ಲಿ 483 ಬರುವುದೇ ಇಲ್ಲ. ಯಾಕೆ?

ಬ್ರಹ್ಮಗಿರಿ

ಇದು ಮೂರರಲ್ಲಿ ಕೆಟ್ಟದ್ದು. ಆಸ್ಟೆರಿಸ್ಕ್ ಡಯಲ್‌ಪ್ಲಾನ್‌ನ (ಯಾವ ನಂಬರ್ ಎಲ್ಲಿಗೆ ಅನ್ನುವ ಪಟ್ಟಿ) ಕೊನೆಯಲ್ಲಿ ‘_ಎಕ್ಸ್.’ ಅಂತ, ಏನೇ ಬಂದರೂ ಹಿಡಿಯುವ ಪ್ಯಾಟರ್ನ್ ಇದೆಯಾ? ಅದು ಕಾಲನ್ನು ಕಮೈಲಿಯೋಗೆ ಡಯಲ್ ಮಾಡುತ್ತಾ? ಕಮೈಲಿಯೋದಲ್ಲಿ ‘ಲೊಕೇಶನ್‌ನಲ್ಲಿ ಸಿಗದಿದ್ದರೆ ಆಸ್ಟೆರಿಸ್ಕ್‌ಗೆ ಕಳಿಸು’ ಅಂತ ಇದೆಯಾ?

ಕಣದ ರೈಟರ್

ಮೂರೂ ಹೌದು. ವಾಯ್ಸ್‌ಮೇಲ್‌ಗೆ ಅಂತ ಹಾಗೆ ಮಾಡಿರುವುದು.

ಬ್ರಹ್ಮಗಿರಿ

ಹಾಗಿದ್ದರೆ ಆರಂಕಿ ನಂಬರು ಕಮೈಲಿಯೋಗೆ ಬರುತ್ತೆ. ಅಂಥ ಎಕ್ಸ್‌ಟೆನ್ಷನ್ ಇಲ್ಲ, ಆಸ್ಟೆರಿಸ್ಕ್‌ಗೆ ಹೋಗುತ್ತೆ. ಅಲ್ಲಿ ಆರಂಕಿಗೆ ಅಂತ ಪ್ಯಾಟರ್ನ್ ಇಲ್ಲ, ‘_ಎಕ್ಸ್.’ ಹಿಡಿದು ಕಮೈಲಿಯೋಗೆ ಡಯಲ್ ಮಾಡುತ್ತೆ. ಕಮೈಲಿಯೋ ಮತ್ತೆ ಆಸ್ಟೆರಿಸ್ಕ್‌ಗೆ. ಇಬ್ಬರೂ ‘ನನ್ನದಲ್ಲ, ಅವರನ್ನು ಕೇಳಿ’ ಅನ್ನುತ್ತಾರೆ.

483 ಬರದಿರಲು ಕಾರಣ ಆಸ್ಟೆರಿಸ್ಕ್‌ನ ಸ್ವಭಾವ. ಅದು ಪ್ರಾಕ್ಸಿ ಅಲ್ಲ, ಬಿಟುಬಿಯುಎ (ಬ್ಯಾಕ್-ಟು-ಬ್ಯಾಕ್ ಯೂಸರ್ ಏಜೆಂಟ್). ಬಂದ ಕಾಲನ್ನು ತನ್ನಲ್ಲೇ ಮುಗಿಸಿ, ಆಚೆ ಕಡೆಗೆ ಹೊಚ್ಚ ಹೊಸ ಕಾಲ್ ಹುಟ್ಟಿಸುತ್ತೆ. ಹೊಸ ಕಾಲ್-ಐಡಿ, ಹೊಸ ವಯಾ, ಮ್ಯಾಕ್ಸ್-ಫಾರ್ವರ್ಡ್ಸ್ ಮತ್ತೆ 70. ಕಮೈಲಿಯೋಗೆ ಪ್ರತಿ ಸುತ್ತೂ ಬೇರೆಯೇ ಕಾಲ್. ಎಸ್‌ಎನ್‌ಗ್ರೆಪ್‌ನಲ್ಲಿ ಒಂದೇ ಕ್ಷಣದಲ್ಲಿ, ಒಂದೇ ನಂಬರಿಗೆ, ಬೇರೆ ಬೇರೆ ಕಾಲ್-ಐಡಿಯ ಸಾಲುಗಳು ಕಾಣುತ್ತವೆ. ಒಂದು ಸುತ್ತಿಗೆ ಆಸ್ಟೆರಿಸ್ಕ್‌ನಲ್ಲಿ ಎರಡು ಚಾನಲ್. ಆರ್‌ಟಿಪಿ ಪೋರ್ಟ್ 10000ರಿಂದ 20000 ಅಂತ ಮಾದರಿ ಫೈಲ್‌ನಲ್ಲಿರುತ್ತೆ, ಚಾನಲ್‌ಗೆ ಎರಡರಂತೆ ಅವೂ ಖರ್ಚಾಗುತ್ತಾ ಹೋಗುತ್ತವೆ. ನಿಮ್ಮ ಪುಣ್ಯ, ಹಳಬರು ಕಾಯದೆ ರಿಸೀವರ್ ಇಡುತ್ತಾರೆ.

ಬಿಟುಬಿಯುಎಗಳು ಮ್ಯಾಕ್ಸ್-ಫಾರ್ವರ್ಡ್ಸನ್ನು ಹೊಸದಾಗಿ ಶುರು ಮಾಡದೆ, ಬಂದದ್ದರಲ್ಲಿ ಒಂದು ಕಳೆದು ಆಚೆ ದಾಟಿಸಬೇಕು ಅಂತ 2014ರ ಆರ್‌ಎಫ್‌ಸಿ 7332 ಹೇಳುತ್ತೆ. ಕಾಗದದ ಮೇಲೆ ಚೆನ್ನಾಗಿದೆ. ನೀವು ಅದನ್ನು ನಂಬಿ ಕೂರಬೇಡಿ, ದಾರಿಯನ್ನೇ ಮುಚ್ಚಿ.

ಕಮೈಲಿಯೋದಲ್ಲಿ ಒಂದು ನಿಯಮ: ರಿಕ್ವೆಸ್ಟ್ ಬಂದದ್ದು ಆಸ್ಟೆರಿಸ್ಕ್‌ನ ಐಪಿಯಿಂದ ಆಗಿದ್ದು, ಲೊಕೇಶನ್‌ನಲ್ಲಿ ಸಿಗದಿದ್ದರೆ 404 ಕೊಟ್ಟು ಮುಗಿಸಿ. ಯಾವ ಕಾರಣಕ್ಕೂ ಆಸ್ಟೆರಿಸ್ಕ್‌ಗೆ ತಿರುಗಿ ಕಳಿಸಬೇಡಿ. ಕಮೈಲಿಯೋದ ಡಿಸ್ಪ್ಯಾಚರ್ ಮಾಡ್ಯೂಲ್ ಬಳಸುತ್ತಿದ್ದರೆ ‘ಡಿಎಸ್_ಈಸ್_ಫ್ರಮ್_ಲಿಸ್ಟ್’ ಫಂಕ್ಷನ್ ಇದಕ್ಕೇ ಇರುವುದು. ಬಂದ ದಾರಿಗೇ ವಾಪಸ್ ಕಳಿಸಬಾರದು ಅನ್ನುವ ಈ ಒಂದು ನಿಯಮ ಅರ್ಧ ಲೂಪ್‌ಗಳನ್ನು ಹುಟ್ಟುವ ಮೊದಲೇ ಕೊಲ್ಲುತ್ತೆ.

ಆಸ್ಟೆರಿಸ್ಕ್‌ನಲ್ಲಿ ‘_ಎಕ್ಸ್.’ ಕಿತ್ತುಹಾಕಿ. ಮೂರಂಕಿಗೆ ಒಂದು ಪ್ಯಾಟರ್ನ್, ಮೊಬೈಲ್‌ಗೆ ಒಂದು, ಸೊನ್ನೆಯಿಂದ ಶುರುವಾಗುವ ಎಸ್‌ಟಿಡಿಗೆ ಒಂದು ಅಂತ ಬಿಡಿಸಿ ಬರೆಯಿರಿ. ಹಳಬರ ಅಭ್ಯಾಸ ಬದಲಿಸಲು ಹೋಗಬೇಡಿ, ಆಗಲ್ಲ. 2ರಿಂದ ಶುರುವಾಗುವ ಆರಂಕಿ ಬಂದರೆ ಮುಂದೆ 08276 ಸೇರಿಸಿ ಟ್ರಂಕ್‌ಗೆ ಕಳಿಸಿ. ಮಡಿಕೇರಿಗೆ 08272, ವಿರಾಜಪೇಟೆಗೆ 08274 ಅವರೇ ಒತ್ತಿಕೊಳ್ಳಲಿ, ಮೊದಲೂ ಹಾಗೇ ಅಲ್ವಾ ಇದ್ದದ್ದು.

ಹಾರಂಗಿ_07

ಕ್ಲೌಡ್ ಇದ್ದರೂ ಲೂಪ್ ತಪ್ಪಲ್ಲ ಅಂತ ಒಪ್ಪಿಕೊಳ್ಳಲೇಬೇಕು. ನಮ್ಮಲ್ಲಿ ಬೇರೆ ಥರ ಆಗುತ್ತೆ. ರಾತ್ರಿ ಹೋಂಸ್ಟೇ ನಂಬರಿಗೆ ಬಂದ ಕಾಲ್ ಕೇರ್‌ಟೇಕರ್ ಮೊಬೈಲ್‌ಗೆ ಫಾರ್ವರ್ಡ್. ಅವರು ರೇಂಜ್ ಇಲ್ಲದ ಕಡೆ ಹೋಗುವಾಗ ಮೊಬೈಲನ್ನು ಹೋಂಸ್ಟೇ ನಂಬರಿಗೇ ಫಾರ್ವರ್ಡ್ ಮಾಡಿ ಹೋಗುತ್ತಾರೆ! ಅತಿಥಿ ಫೋನ್ ಮಾಡಿದರೆ ನಮ್ಮ ಲೈನ್ ಎಲ್ಲ ಬ್ಯುಸಿ. ಇದಕ್ಕೇನು ಮಾಡುವುದು?

ಟ್ರಂಕ್ ಕಾಲ್

ಇದು ಮೊಬೈಲ್ ನೆಟ್‌ವರ್ಕ್ ದಾಟಿ ಬರುವ ಲೂಪ್. ಸಿಪ್ ಹೆಡರ್‌ಗಳಲ್ಲಿ ಅದರ ಗುರುತು ಉಳಿಯುತ್ತೆ ಅಂತ ನಂಬುವ ಹಾಗಿಲ್ಲ. ಕೆಲವು ಟ್ರಂಕ್‌ಗಳು ‘ಡೈವರ್ಶನ್’ ಅಥವಾ ‘ಹಿಸ್ಟರಿ-ಇನ್ಫೋ’ ಹೆಡರ್ ಕೊಡುತ್ತವೆ. ಬಂದ ಕಾಲ್‌ನ ಡೈವರ್ಶನ್‌ನಲ್ಲಿ ಕೇರ್‌ಟೇಕರ್ ನಂಬರ್ ಇದ್ದರೆ ಅದನ್ನು ಮತ್ತೆ ಅವರಿಗೇ ಕಳಿಸಬಾರದು, ನೇರ ವಾಯ್ಸ್‌ಮೇಲ್‌ಗೆ ಹಾಕಿ. ಹೆಡರ್ ಬರದಿದ್ದರೆ ಎಣಿಕೆ ಇಡಿ. ಆಸ್ಟೆರಿಸ್ಕ್‌ನಲ್ಲಿ ‘ಗ್ರೂಪ್’, ‘ಗ್ರೂಪ್_ಕೌಂಟ್’ ಅಂತ ಎರಡು ಫಂಕ್ಷನ್ ಇವೆ. ಆ ಮೊಬೈಲ್‌ಗೆ ಒಂದು ಫಾರ್ವರ್ಡ್ ಕಾಲ್ ಆಗಲೇ ನಡೆಯುತ್ತಿದ್ದರೆ ಎರಡನೆಯದನ್ನು ಬಿಡಬೇಡಿ. ಕ್ಲೌಡ್‌ನವರಲ್ಲಿ ಇಂಥ ಮಿತಿ ಇದೆಯಾ ಅಂತ ಕೇಳಿ ನೋಡಿ. ಕೇರ್‌ಟೇಕರ್‌ಗೂ ಒಂದು ಮಾತು ಹೇಳಿ, ಅದು ಇನ್ನೂ ಅಗ್ಗ.

ಕಣದ ರೈಟರ್

404 ನಿಯಮ ಹಾಕಿದೆ, ಡಯಲ್‌ಪ್ಲಾನ್ ಬಿಡಿಸಿ ಬರೆದೆ. ಆರಂಕಿ ಒತ್ತಿದರೆ ಕ್ಯೂರಿಂಗ್‌ಗೆ ನೇರ ಹೋಗುತ್ತೆ, ಚಾನಲ್ ಎರಡೇ. ಬೇಕಂತಲೇ ಇಲ್ಲದ 777 ಒತ್ತಿ ನೋಡಿದೆ, ತಕ್ಷಣ 404. ಲ್ಯಾನ್‌ನ /24 ಕೂಡ ನಂಬಿಕೆಯ ಪಟ್ಟಿಯಿಂದ ತೆಗೆದೆ. ಅತಿಥಿ ವೈಫೈ ಬೇರೆ ಮಾಡಲು ಇನ್ನೊಂದು ಸ್ವಿಚ್ ಬೇಕು, ಸಾಹುಕಾರರಿಗೆ ಹೇಳಿದ್ದೇನೆ.

ಒಂದು ಸಂಶಯ. ಅಲಿಯಾಸ್‌ನಲ್ಲಿ ಹಳೇ ಪಬ್ಲಿಕ್ ಐಪಿ ಇನ್ನೂ ಇದೆ. ಇದ್ದರೆ ಏನಾದರೂ ತೊಂದರೆ ಇದೆಯಾ, ಹಾಗೇ ಬಿಡಲಾ?

ಬ್ರಹ್ಮಗಿರಿ

ತೆಗೆಯಿರಿ. ಆ ಐಪಿಯನ್ನು ನಿಮ್ಮ ಹಳೇ ನೆಟ್ ಕಂಪನಿ ಇನ್ಯಾರಿಗೋ ಕೊಡಬಹುದು. ಅಲ್ಲಿಯೂ ಒಂದು ಸಿಪ್ ಸರ್ವರ್ ಬಂದರೆ, ಅಲ್ಲಿಗೆ ಹೋಗಬೇಕಾದ ಕಾಲನ್ನು ನಿಮ್ಮ ಕಮೈಲಿಯೋ ತನ್ನದು ಅಂತ ಹಿಡಿದು ನಿಮ್ಮ ಎಕ್ಸ್‌ಟೆನ್ಷನ್‌ಗಳಲ್ಲಿ ಹುಡುಕುತ್ತೆ. ಅದು ಲೂಪ್‌ಗಿಂತ ಕಷ್ಟದ ಕೇಸು, ಯಾಕಂದರೆ ಕಾಲ್ ಎಲ್ಲೋ ಒಂದು ಕಡೆ ರಿಂಗ್ ಆಗುತ್ತಲೇ ಇರುತ್ತೆ.

ಕಣದ ರೈಟರ್

ತೆಗೆದು ರೀಸ್ಟಾರ್ಟ್ ಮಾಡಿದೆ. ಪಟ್ಟಿಯಲ್ಲಿ ಈಗ ಹೊಸದು ಮಾತ್ರ ಇದೆ.